ಎರಡನೇ ಕುರ್ಚಿಯ ಮೇಷ್ಟ್ರು

ಟೆಕ್ಸ್ ವಿಂಟರ್. ಈ ಹೆಸರು ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ. ಮೈಕಲ್ ಜೋರ್ಡನ್ ಹೆಸರು ಕೇಳಿದ್ದೀರಿ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಎಷ್ಟು ಜನ ಆಡ್ತಾರೆ ಅಂತ ಗೊತ್ತಿಲ್ಲದವರ ಮನೆಯಲ್ಲೂ ಜೋರ್ಡನ್ ಹೆಸರಿನ ಶೂ ಸಿಗುತ್ತೆ. ಕೋಬಿ ಬ್ರಯಂಟ್ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಾಗ ನಮ್ಮ ಕನ್ನಡ ಚಾನೆಲ್‌ಗಳೂ ಆ ಸುದ್ದಿಯನ್ನು ದೊಡ್ಡದಾಗಿ ಹಾಕಿದ್ದವು. ಈ ಇಬ್ಬರಿಗೂ ಪಾಠ ಹೇಳಿದ ಒಬ್ಬ ಮುದುಕ ಇದ್ದರು. ಆರಲ್ಲ ಏಳಲ್ಲ, ಒಂಬತ್ತು ಎನ್‌ಬಿಎ ಚಾಂಪಿಯನ್‌ಶಿಪ್‌ಗಳಲ್ಲಿ ಗೆದ್ದ ತಂಡದ ಬೆಂಚಿನಲ್ಲಿ ಅವರಿದ್ದರು. ಒಮ್ಮೆಯೂ ಮುಖ್ಯ ಕೋಚ್ ಆಗಿ ಅಲ್ಲ. ಪಕ್ಕದ ಕುರ್ಚಿಯಲ್ಲಿ. ಸಹಾಯಕ ಕೋಚ್ ಆಗಿ!

ನ್ಯೂಸ್ ಆ್ಯಂಕರ್‌ಗೆ ಯಾಕಪ್ಪಾ ಅಮೆರಿಕದ ಸಹಾಯಕ ಕೋಚ್ ಉಸಾಬರಿ ಅಂತ ನೀವು ಕೇಳಬಹುದು. ಕಾರಣ ಇದೆ. ನಮ್ಮಲ್ಲಿ ‘ಸಹಾಯಕ’ ಅನ್ನೋ ಪದ ಹುದ್ದೆಯ ಹಿಂದೋ ಮುಂದೋ ಅಂಟಿಕೊಂಡರೆ ಸಾಕು, ಆ ಮನುಷ್ಯನ ಮಾತಿಗೆ ಅರ್ಧ ಬೆಲೆ. ಇವನಿಗೆ ಇನ್ನೂ ಪ್ರಮೋಷನ್ ಆಗಿಲ್ಲ, ಇವನು ಇನ್ನೂ ‘ಅಲ್ಲಿಗೆ’ ಮುಟ್ಟಿಲ್ಲ ಅಂತ ಲೆಕ್ಕ. ವಿಂಟರ್ ಬದುಕು ಈ ಲೆಕ್ಕವನ್ನೇ ಉಲ್ಟಾ ಮಾಡುತ್ತೆ. ಈ ಮನುಷ್ಯ ಮೊದಲು ಮುಖ್ಯ ಕೋಚ್ ಆದರು. ಸೋತರು. ಕೆಲಸ ಕಳೆದುಕೊಂಡರು. ಆಮೇಲೆ 63ನೇ ವಯಸ್ಸಿನಲ್ಲಿ ಸಹಾಯಕ ಕೋಚ್ ಆಗಿ ಹೋಗಿ ಗೆದ್ದರು. ಅದೇ ಮನುಷ್ಯ, ಅದೇ ಪಾಠ. ಮೊದಲು ನಡೆಯದ್ದು ಆಮೇಲೆ ಹೇಗೆ ನಡೆಯಿತು? ನನಗೆ ಕುತೂಹಲ ಇರೋದು ಇಲ್ಲಿ.

ಮೊದಲು ಸಹಾಯಕ ಕೋಚ್ ಏನು ಮಾಡ್ತಾರೆ ಅಂತ ಹೇಳಿಬಿಡ್ತೀನಿ. ಎನ್‌ಬಿಎಯಲ್ಲಿ 30 ತಂಡ. ಅಂದರೆ ಇಡೀ ಜಗತ್ತಿನಲ್ಲಿ ಆ ಮಟ್ಟದ ಮುಖ್ಯ ಕೋಚ್ ಹುದ್ದೆ ಇರೋದೇ 30. ಒಂದು ಸೀಸನ್‌ನಲ್ಲಿ ಒಂದೊಂದು ತಂಡಕ್ಕೆ 82 ಪಂದ್ಯ, ಪ್ಲೇಆಫ್ ಬೇರೆ. ಇವತ್ತು ಒಂದೂರು, ನಾಳೆ ಇನ್ನೊಂದೂರು. ಎದುರಾಳಿ ತಂಡ ಹೇಗೆ ಆಡುತ್ತೆ, ಅವರ ಸ್ಟಾರ್ ಆಟಗಾರ ಎಡಕ್ಕೆ ತಿರುಗ್ತಾನೋ ಬಲಕ್ಕೋ, ಕೊನೇ ನಿಮಿಷದಲ್ಲಿ ಚೆಂಡು ಯಾರ ಕೈಗೆ ಹೋಗುತ್ತೆ... ಇದನ್ನೆಲ್ಲ ವಿಡಿಯೋ ಹಾಕಿ ಹಾಕಿ ನೋಡಿ, ಬರೆದು, ಬೆಳಗ್ಗೆ ಆಟಗಾರರಿಗೆ ತಲುಪಿಸಬೇಕು. ಒಬ್ಬ ಸಹಾಯಕ ರಕ್ಷಣೆ ನೋಡಿಕೊಂಡರೆ ಇನ್ನೊಬ್ಬ ಆಕ್ರಮಣ ನೋಡಿಕೊಳ್ತಾನೆ. ಮತ್ತೊಬ್ಬ ಅಭ್ಯಾಸ ಮುಗಿದ ಮೇಲೂ ಯುವ ಆಟಗಾರನ ಜೊತೆ ನಿಂತು ನೂರಾರು ಶಾಟ್ ಹಾಕಿಸ್ತಾನೆ. ಟೈಮ್‌ಔಟ್‌ನಲ್ಲಿ ಮುಖ್ಯ ಕೋಚ್ ಬೋರ್ಡ್ ಹಿಡಿದು ಗೆರೆ ಎಳೆಯೋದು ನಿಮಗೆ ಟಿವಿಯಲ್ಲಿ ಕಾಣುತ್ತೆ. ಅದಕ್ಕೆ ಕೆಲವೇ ಸೆಕೆಂಡ್ ಮುಂಚೆ ‘ಅವನು ಆ ಕಡೆ ಖಾಲಿ ಬಿಡ್ತಿದ್ದಾನೆ’ ಅಂತ ಕಿವಿಯಲ್ಲಿ ಹೇಳಿದವನು ಕಾಣಲ್ಲ.

ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ನೀವು ಪರದೆ ಮೇಲೆ ನನ್ನ ಮುಖ ನೋಡ್ತೀರಿ. ನನ್ನ ಕಿವಿಯಲ್ಲಿ ಒಂದು ಪುಟ್ಟ ಇಯರ್‌ಪೀಸ್ ಇರುತ್ತೆ, ಅದರ ಇನ್ನೊಂದು ತುದಿ ಪಿಸಿಆರ್‌ನಲ್ಲಿ. ಚುನಾವಣಾ ಫಲಿತಾಂಶದ ದಿನ ನಾನು ಎಂಟ್ಹತ್ತು ತಾಸು ಮಾತಾಡ್ತೀನಿ ಅಂತ ಜನ ಆಶ್ಚರ್ಯಪಡ್ತಾರೆ. ‘ಸರ್, ಆ ಕ್ಷೇತ್ರ ಈಗ್ಲೇ ಹೇಳ್ಬೇಡಿ, ಇನ್ನೂ ಎರಡು ರೌಂಡ್ ಇದೆ’ ಅಂತ ಒಳಗಿನಿಂದ ಒಬ್ಬ ಹುಡುಗ ಹೇಳ್ತಾ ಇರ್ತಾನೆ. ಅವನ ಹೆಸರು ನಿಮಗೆ ಯಾವತ್ತೂ ಗೊತ್ತಾಗಲ್ಲ. ಕ್ರಿಕೆಟ್ ನೋಡುವವರಿಗೆ ಇನ್ನೊಂದು ಉದಾಹರಣೆ ಕೊಡ್ತೀನಿ: ನಮ್ಮ ಕುಮಟಾದ ರಾಘವೇಂದ್ರ, ಎಲ್ಲರ ಬಾಯಲ್ಲಿ ರಘು. ಭಾರತ ತಂಡದ ಬ್ಯಾಟರ್‌ಗಳಿಗೆ ನೆಟ್ಸ್‌ನಲ್ಲಿ ವೇಗದ ಥ್ರೋಡೌನ್ ಹಾಕುವ ಮನುಷ್ಯ. 2022ರ ಟಿ20 ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಅಡಿಲೇಡ್‌ನಲ್ಲಿ ಮಳೆ ಬಂದು ನಿಂತ ಮೇಲೆ, ಆಟಗಾರರ ಶೂಗೆ ಮೆತ್ತಿದ ಒದ್ದೆ ಮಣ್ಣು ತೆಗೆಯಲು ಬ್ರಷ್ ಹಿಡಿದು ಬೌಂಡರಿ ಸುತ್ತ ಓಡಾಡಿದರಲ್ಲ, ಅವರೇ. ಆ ಫೋಟೋ ವೈರಲ್ ಆಗದೇ ಹೋಗಿದ್ದರೆ ಎಷ್ಟು ಜನಕ್ಕೆ ಅವರ ಮುಖ ಗೊತ್ತಾಗುತ್ತಿತ್ತು?

ಸರಿ, ವಿಂಟರ್ ಕಥೆಗೆ ಬರ್ತೀನಿ.

1922ರಲ್ಲಿ ಟೆಕ್ಸಸ್‌ನ ವೆಲ್ಲಿಂಗ್‌ಟನ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿದ್ದು. ಅವಳಿ ಮಕ್ಕಳಲ್ಲಿ ಒಬ್ಬರು. ಅಪ್ಪ ಮೆಕ್ಯಾನಿಕ್. ಹುಡುಗನಿಗೆ ಹತ್ತು ವರ್ಷ ಆಗಿದ್ದಾಗ ಅಪ್ಪ ಸೋಂಕು ತಗುಲಿ ತೀರಿಕೊಂಡರು. ಅದು ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ. ಶಾಲೆಗೆ ಹೋಗುತ್ತಲೇ ದುಡಿಯಬೇಕಾಯಿತು. ಬೇಕರಿಯವನಿಗೆ ಖಾಲಿ ಡಬ್ಬಗಳನ್ನು ಆರಿಸಿಕೊಂಡು ಬಂದು ಕೊಟ್ಟರೆ, ಅವನು ಹಿಂದಿನ ದಿನದ ಬ್ರೆಡ್ ಕೊಡುತ್ತಿದ್ದ. 1936ರಲ್ಲಿ ತಾಯಿ ಮಕ್ಕಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾಗೆ ಹೋದರು. ಟೆಕ್ಸಸ್‌ನಿಂದ ಬಂದ ಹುಡುಗ ಅಂತ ಅಲ್ಲಿನವರು ‘ಟೆಕ್ಸ್’ ಅಂತ ಕರೆದರು. ಧಾರವಾಡದಿಂದ ಮೈಸೂರಿಗೆ ಓದಲು ಬಂದವನನ್ನು ಹಾಸ್ಟೆಲ್‌ನಲ್ಲಿ ಜೀವನಪೂರ್ತಿ ‘ಧಾರವಾಡ’ ಅಂತಲೇ ಕರೆಯಲ್ವಾ, ಹಾಗೆ. ನಿಜವಾದ ಹೆಸರು ಮೋರಿಸ್ ಫ್ರೆಡ್ರಿಕ್ ವಿಂಟರ್. ಅದು ದಾಖಲೆಯಲ್ಲೇ ಉಳಿಯಿತು.

ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆಯಲ್ಲಿ ಪೈಲಟ್. ಯುದ್ಧ ಮುಗಿದ ಮೇಲೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದು, ಬ್ಯಾಸ್ಕೆಟ್‌ಬಾಲ್, ಜೊತೆಗೆ ಪೋಲ್‌ವಾಲ್ಟ್. ಅಲ್ಲಿ ಕೋಚ್ ಆಗಿದ್ದವರು ಸ್ಯಾಮ್ ಬ್ಯಾರಿ. ಈ ಬ್ಯಾರಿ ಹತ್ತಿರ ಒಂದು ಆಟದ ಕ್ರಮ ಇತ್ತು. ಮೂರು ಜನ ಆಟಗಾರರು ಕೋರ್ಟ್‌ನ ಒಂದು ಬದಿಯಲ್ಲಿ ತ್ರಿಕೋನದಲ್ಲಿ ನಿಲ್ಲೋದು. ವಿಂಟರ್ ಅದನ್ನು ಎದೆಗೆ ಹಚ್ಚಿಕೊಂಡರು. 1947ರಲ್ಲಿ ಪದವಿ ಮುಗಿಸಿದ್ದೇ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ಗಾರ್ಡ್ನರ್ ಅವರ ಕೈಕೆಳಗೆ ಸಹಾಯಕ ಕೋಚ್ ಆದರು. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅದು. ಈ ಮನುಷ್ಯ ಕೆಲಸ ಬಿಟ್ಟದ್ದು 2008ರಲ್ಲಿ. ಲೆಕ್ಕ ಹಾಕಿ... 61 ವರ್ಷ!

29ನೇ ವಯಸ್ಸಿಗೆ ಮಾರ್ಕ್ವೆಟ್ ವಿಶ್ವವಿದ್ಯಾಲಯಕ್ಕೆ ಮುಖ್ಯ ಕೋಚ್. 1953ರಲ್ಲಿ ಮತ್ತೆ ಕಾನ್ಸಾಸ್ ಸ್ಟೇಟ್‌ಗೆ, ಈ ಸಲ ಮುಖ್ಯಸ್ಥನಾಗಿ. ಅಲ್ಲಿ 15 ಸೀಸನ್. 261 ಗೆಲುವು, 118 ಸೋಲು. ಎಂಟು ಬಾರಿ ತಮ್ಮ ವಲಯದ ಪ್ರಶಸ್ತಿ. 1958 ಮತ್ತು 1964ರಲ್ಲಿ ರಾಷ್ಟ್ರೀಯ ಮಟ್ಟದ ಕೊನೆಯ ನಾಲ್ಕರಲ್ಲಿ ಸ್ಥಾನ. 1958ರದ್ದಂತೂ ಸುಮ್ಮನೆ ಅಲ್ಲ. ಪಕ್ಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಆಗ ಆಡುತ್ತಿದ್ದವನು ವಿಲ್ಟ್ ಚೇಂಬರ್ಲಿನ್, ಏಳಡಿ ಎತ್ತರದ ದೈತ್ಯ. ಮುಂದೆ ಒಂದೇ ಎನ್‌ಬಿಎ ಪಂದ್ಯದಲ್ಲಿ 100 ಅಂಕ ಹೊಡೆದವನು. ಅಂಥವನು ಎದುರಿಗಿದ್ದ ವರ್ಷವೇ ವಲಯದ ಪ್ರಶಸ್ತಿ ವಿಂಟರ್ ತಂಡಕ್ಕೆ ಬಂತು.

1962ರಲ್ಲಿ ತಮ್ಮ ಪದ್ಧತಿಯ ಬಗ್ಗೆ ಒಂದು ಪುಸ್ತಕ ಬರೆದರು. ‘ಟ್ರಿಪಲ್ ಪೋಸ್ಟ್ ಅಫೆನ್ಸ್’. ಇದನ್ನೇ ಮುಂದೆ ಜಗತ್ತು ‘ಟ್ರಯಾಂಗಲ್ ಅಫೆನ್ಸ್’ ಅಂತ ಕರೆದದ್ದು. ಇದು ಅರ್ಥ ಆಗದೆ ವಿಂಟರ್ ಅರ್ಥ ಆಗಲ್ಲ. ಆದ್ದರಿಂದ ಎರಡು ನಿಮಿಷ ಗಮನ ಕೊಡಿ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡದಿಂದ ಕೋರ್ಟ್ ಮೇಲೆ ಐದು ಜನ. ಚೆಂಡು ಕೈಗೆ ಬಂದರೆ 24 ಸೆಕೆಂಡ್ ಒಳಗೆ ಬ್ಯಾಸ್ಕೆಟ್‌ಗೆ ಎಸೆಯಬೇಕು. ಸಾಮಾನ್ಯವಾಗಿ ಏನಾಗುತ್ತೆ? ಕೋಚ್ ಒಂದು ‘ಪ್ಲೇ’ ಹೇಳ್ತಾರೆ. ನೀನು ಇಲ್ಲಿಂದ ಓಡು, ನೀನು ಅಡ್ಡ ನಿಲ್ಲು, ನೀನು ಶಾಟ್ ಹಾಕು. ಆಟಗಾರ ಬೊಂಬೆ, ದಾರ ಕೋಚ್ ಕೈಯಲ್ಲಿ. ಎದುರಾಳಿಗೆ ಆ ಪ್ಲೇ ಗೊತ್ತಾಯ್ತೋ, ಮುಗೀತು. ಇಲ್ಲವೇ ಚೆಂಡನ್ನು ಸ್ಟಾರ್ ಕೈಗೆ ಕೊಟ್ಟು ಉಳಿದ ನಾಲ್ವರು ನೋಡ್ತಾ ನಿಲ್ತಾರೆ. ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟ್ ತಂದ ಹುಡುಗನೇ ಕೊನೆವರೆಗೂ ಆಡಲ್ವಾ, ಹಾಗೆ.

ಟ್ರಯಾಂಗಲ್‌ನಲ್ಲಿ ಹೇಳಿಕೊಟ್ಟ ಪ್ಲೇ ಇಲ್ಲ ಅಂತಲೇ ಹೇಳಬಹುದು. ಒಬ್ಬ ಮೂಲೆಯಲ್ಲಿ, ಒಬ್ಬ ಪಕ್ಕದ ವಿಂಗ್‌ನಲ್ಲಿ, ಒಬ್ಬ ಬ್ಯಾಸ್ಕೆಟ್ ಹತ್ತಿರ ಬೆನ್ನು ಕೊಟ್ಟು ನಿಲ್ತಾನೆ. ತ್ರಿಕೋನ ಆಯ್ತು. ಉಳಿದ ಇಬ್ಬರು ಇನ್ನೊಂದು ಬದಿಯಲ್ಲಿ. ಒಬ್ಬರಿಂದೊಬ್ಬರಿಗೆ ಸುಮಾರು 15ರಿಂದ 18 ಅಡಿ ದೂರ. ಈ ದೂರ ಯಾಕೆ? ಹತ್ತಿರ ಇದ್ದರೆ ಎದುರಾಳಿಯ ಒಬ್ಬನೇ ಇಬ್ಬರನ್ನು ಕಾಯಬಹುದು. ತೀರಾ ದೂರ ಇದ್ದರೆ ಪಾಸ್ ಮಧ್ಯದಲ್ಲಿ ಕಳುವಾಗುತ್ತೆ. ಈ ಅಳತೆಯಲ್ಲಿ ನಿಂತರೆ ಒಬ್ಬನ ಮೇಲೆ ಇಬ್ಬರು ಮುಗಿಬಿದ್ದ ತಕ್ಷಣ ಇನ್ನೆಲ್ಲೋ ಒಬ್ಬ ಖಾಲಿ ಆಗಲೇಬೇಕು. ಚೆಂಡು ಅವನಿಗೆ ಹೋಗಬೇಕು. ಯಾರಿಗೆ ಹೋಗಬೇಕು ಅಂತ ತೀರ್ಮಾನ ಮಾಡೋದು ಕೋಚ್ ಅಲ್ಲ, ಸ್ಟಾರ್ ಕೂಡ ಅಲ್ಲ. ಎದುರಾಳಿಯೇ ತನಗೆ ಗೊತ್ತಿಲ್ಲದೆ ಅದನ್ನು ತೀರ್ಮಾನ ಮಾಡಿಬಿಡ್ತಾನೆ! ಐವರೂ ಅದನ್ನು ಒಂದೇ ಕ್ಷಣದಲ್ಲಿ, ಒಂದೇ ರೀತಿ ಓದಬೇಕು. ಕಾಗದದ ಮೇಲೆ ಎಷ್ಟು ಸರಳ ಅನ್ನಿಸುತ್ತೆ ನೋಡಿ. ಕಲಿಯಲು ಮಾತ್ರ ಒಂದಿಡೀ ಸೀಸನ್ ಸಾಲದು. ಎರಡೂ ಕೈಯಲ್ಲಿ ಎದೆಯಿಂದ ಕೊಡುವ ಪಾಸ್, ಪಾದ ತಿರುಗಿಸುವ ಕ್ರಮ... ಶಾಲಾ ಮಕ್ಕಳಿಗೆ ಹೇಳಿಕೊಡುವ ಪಾಠಗಳನ್ನು ವಿಂಟರ್ ಕೋಟಿಗಟ್ಟಲೆ ಸಂಬಳದ ಆಟಗಾರರಿಂದ ದಿನಾ ಮಾಡಿಸುತ್ತಿದ್ದರು.

ಇಂಥಾ ಮನುಷ್ಯನಿಗೆ 1971ರಲ್ಲಿ ಎನ್‌ಬಿಎ ಕರೆ ಬಂತು. ಸ್ಯಾನ್ ಡಿಯೇಗೊದಿಂದ ಹೂಸ್ಟನ್‌ಗೆ ಆಗಷ್ಟೇ ಬಂದಿದ್ದ ರಾಕೆಟ್ಸ್ ತಂಡಕ್ಕೆ ಮುಖ್ಯ ಕೋಚ್. ತಂಡದ ಸ್ಟಾರ್ ಎಲ್ವಿನ್ ಹೇಯ್ಸ್. ಅವನಿಗೆ ಚೆಂಡು ಬೇಕು, ವಿಂಟರ್‌ಗೆ ಪಾಸ್ ಬೇಕು. ಇಬ್ಬರಿಗೂ ಆಗಿಬರಲಿಲ್ಲ. 1972ರಲ್ಲಿ ಹೇಯ್ಸ್‌ನನ್ನು ತಂಡ ಬಾಲ್ಟಿಮೋರ್‌ಗೆ ಬಿಟ್ಟುಕೊಟ್ಟಿತು. 1973ರ ಆರಂಭದಲ್ಲಿ ವಿಂಟರ್ ಕೆಲಸವೂ ಹೋಯಿತು. 51 ಗೆಲುವು, 78 ಸೋಲು. ಆಮೇಲೆ ನಾರ್ತ್‌ವೆಸ್ಟರ್ನ್, ಲಾಂಗ್ ಬೀಚ್ ಸ್ಟೇಟ್ ಅಂತ ಕಾಲೇಜು ತಂಡಗಳು. ಅಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ. ಲೂಯಿಸಿಯಾನ ಸ್ಟೇಟ್‌ನಲ್ಲಿ ಡೇಲ್ ಬ್ರೌನ್ ಜೊತೆ ಸ್ವಲ್ಪ ಕಾಲ ಸಹಾಯಕನ ಕೆಲಸ. ವಯಸ್ಸು 60 ದಾಟಿತ್ತು. ನಮ್ಮ ರಾಜ್ಯ ಸರ್ಕಾರದ ನೌಕರರಾಗಿದ್ದರೆ ಹಾರ ಹಾಕಿ, ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿ ಆಗಿರೋದು.

ಆಗ ಒಂದು ಫೋನ್ ಬಂತು. ಮಾಡಿದವರು ಜೆರ್ರಿ ಕ್ರೌಸ್. ಯುವಕನಾಗಿದ್ದಾಗ ಪ್ರತಿಭೆಗಳನ್ನು ಹುಡುಕಿಕೊಂಡು ಊರೂರು ಅಲೆಯುವ ಸ್ಕೌಟ್ ಆಗಿದ್ದ ಈ ಕ್ರೌಸ್, ಕಾನ್ಸಾಸ್ ಸ್ಟೇಟ್‌ಗೆ ಹೋಗಿ ವಿಂಟರ್ ನಡೆಸುವ ಅಭ್ಯಾಸವನ್ನು ಬೆರಗಾಗಿ ನೋಡುತ್ತಿದ್ದರಂತೆ. ನಾನು ಎಂದಾದರೂ ಒಂದು ತಂಡದ ಜನರಲ್ ಮ್ಯಾನೇಜರ್ ಆದರೆ ನಿಮ್ಮನ್ನೇ ಮೊದಲು ಕರೆಯೋದು ಅಂತ ಮಾತು ಕೊಟ್ಟಿದ್ದರು. ಇಂಥ ಮಾತು ಎಷ್ಟು ಜನ ಕೊಡಲ್ಲ ಹೇಳಿ! 1985ರಲ್ಲಿ ಕ್ರೌಸ್ ಶಿಕಾಗೊ ಬುಲ್ಸ್‌ನ ಜನರಲ್ ಮ್ಯಾನೇಜರ್ ಆದರು. ಮಾತು ಉಳಿಸಿಕೊಂಡರು. ಸಹಾಯಕ ಕೋಚ್ ಟೆಕ್ಸ್ ವಿಂಟರ್, ವಯಸ್ಸು 63.

ಕಥೆ ಇಲ್ಲಿಂದ ಸಲೀಸಾಗಿ ಓಡಿತು ಅಂದುಕೊಂಡರೆ ತಪ್ಪು. ಮೊದಲ ನಾಲ್ಕು ವರ್ಷ ಆ ಪಾಠ ಯಾರಿಗೂ ಬೇಕಿರಲಿಲ್ಲ. ಆಗಿನ ಮುಖ್ಯ ಕೋಚ್ ಸ್ಟ್ಯಾನ್ ಆಲ್ಬೆಕ್ ಟ್ರಯಾಂಗಲ್ ಹಿಡಿಯಲಿಲ್ಲ. ಅವರ ನಂತರ 1986ರಲ್ಲಿ ಬಂದ ಡಗ್ ಕಾಲಿನ್ಸ್ ಕೂಡ ಹಿಡಿಯಲಿಲ್ಲ. ಕಾಲಿನ್ಸ್ ಕಾಲದ ಕೊನೆಗೆ ವಿಂಟರ್ ಪೂರ್ತಿ ಮೂಲೆಗೆ ಸರಿದಿದ್ದರು. ಕಾಲಿನ್ಸ್‌ರನ್ನು ನಾನು ಪೂರ್ತಿ ದೂರುವುದಿಲ್ಲ. ತಂಡದಲ್ಲಿ ಜೋರ್ಡನ್ ಇದ್ದಾನೆ. 1986–87ರಲ್ಲಿ ಪಂದ್ಯಕ್ಕೆ ಸರಾಸರಿ 37.1 ಅಂಕ ಹೊಡೆದವನು. ಅಂಥವನನ್ನು ಇಟ್ಟುಕೊಂಡು, ಚೆಂಡು ಎಲ್ಲರಿಗೂ ಹಂಚೋಣ ಅಂತ ಒಬ್ಬ ಮುದುಕ ಹೇಳಿದರೆ ಯಾವ ಕೋಚ್ ಕೇಳ್ತಾರೆ?

ಆದರೆ ಇನ್ನೊಂದು ಲೆಕ್ಕವೂ ಇತ್ತು. 1986ರ ಏಪ್ರಿಲ್‌ನಲ್ಲಿ ಬಾಸ್ಟನ್ ವಿರುದ್ಧ ಪ್ಲೇಆಫ್ ಪಂದ್ಯದಲ್ಲಿ ಜೋರ್ಡನ್ ಒಬ್ಬನೇ 63 ಅಂಕ ಹೊಡೆದ. ಇವತ್ತಿಗೂ ಪ್ಲೇಆಫ್ ದಾಖಲೆ. ಪಂದ್ಯ ಏನಾಯ್ತು? ಸೋತರು! ಸರಣಿಯಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ. ಡೆಟ್ರಾಯಿಟ್ ಪಿಸ್ಟನ್ಸ್ ತಂಡವಂತೂ ಜೋರ್ಡನ್‌ನನ್ನು ಕಟ್ಟಿಹಾಕಲೆಂದೇ ‘ಜೋರ್ಡನ್ ರೂಲ್ಸ್’ ಅಂತ ತಂತ್ರ ಮಾಡಿಕೊಂಡಿತ್ತು. ಇಬ್ಬರೋ ಮೂವರೋ ಅವನ ಮೇಲೆ ಬೀಳೋದು, ಉಳಿದವರು ಬೇಕಾದರೆ ಹೊಡೆಯಲಿ ಅಂತ ಬಿಡೋದು. 1988, 1989, 1990. ಮೂರು ವರ್ಷ ಸಾಲಾಗಿ ಬುಲ್ಸ್ ಅವರ ಕೈಯಲ್ಲೇ ಹೊರಬಿತ್ತು. ಒಬ್ಬನ ಮೇಲೆ ಮೂವರು ಬಿದ್ದಾಗ ಖಾಲಿ ಆದವನ ಕೈಗೆ ಚೆಂಡು ಹೋಗೋದು ಹೇಗೆ ಅನ್ನೋದೇ ಬುಲ್ಸ್‌ನ ಸಮಸ್ಯೆ. ಅದಕ್ಕೆ ಉತ್ತರ 1962ರಲ್ಲೇ ಪುಸ್ತಕವಾಗಿ ಅಚ್ಚಾಗಿತ್ತು. ಬರೆದವರು ಅದೇ ಬೆಂಚಿನಲ್ಲಿ ಕೂತಿದ್ದರು.

ಅದನ್ನು ಗಮನಿಸಿದವರು ಫಿಲ್ ಜಾಕ್ಸನ್. ನ್ಯೂಯಾರ್ಕ್ ನಿಕ್ಸ್‌ನಲ್ಲಿ ಆಡಿದ್ದ ಜಾಕ್ಸನ್ 1987ರಲ್ಲಿ ಬುಲ್ಸ್‌ಗೆ ಸಹಾಯಕ ಕೋಚ್ ಆಗಿ ಬಂದಿದ್ದರು. ಮುಖ್ಯ ಕೋಚ್ ಕೇಳದ ಪಾಠವನ್ನು ಈ ಇನ್ನೊಬ್ಬ ಸಹಾಯಕ ಕೂತು ಕೇಳಿಸಿಕೊಂಡರು. 1989ರಲ್ಲಿ ಕಾಲಿನ್ಸ್ ಹೋದರು, ಜಾಕ್ಸನ್ ಮುಖ್ಯ ಕೋಚ್ ಆದರು. ಬಂದವರೇ ಮಾಡಿದ ತೀರ್ಮಾನ: ಇನ್ನು ಮುಂದೆ ಟ್ರಯಾಂಗಲ್. ಜೋರ್ಡನ್‌ಗೆ ಇದು ರುಚಿಸಲಿಲ್ಲ. ಎಲ್ಲರಿಗೂ ಸಮಾನ ಅವಕಾಶದ ಆಟ ಅಂತ ಗೇಲಿ ಮಾಡಿದ. ಸರ್ಕಾರಿ ಮೀಸಲಾತಿ ಬಗ್ಗೆ ಗೊಣಗೋ ಧಾಟಿ!

ವಿಂಟರ್ ಮತ್ತು ಜೋರ್ಡನ್ ನಡುವಿನ ಒಂದು ಮಾತುಕತೆಯನ್ನು ಸ್ವತಃ ಜೋರ್ಡನ್ 2009ರಲ್ಲಿ ಹಾಲ್ ಆಫ್ ಫೇಮ್ ವೇದಿಕೆಯಲ್ಲಿ ಹೇಳಿದ. ಒಂದು ಪಂದ್ಯದಲ್ಲಿ ಬುಲ್ಸ್ ಹಿಂದೆ ಬಿದ್ದಿತ್ತು, ಜೋರ್ಡನ್ ಒಬ್ಬನೇ ಅಂಕದ ಮೇಲೆ ಅಂಕ ಹೊಡೆದು ಗೆಲ್ಲಿಸಿದ. ಹೊರಗೆ ಬರುವಾಗ ವಿಂಟರ್ ಶಭಾಶ್ ಅನ್ನಲಿಲ್ಲ. ‘ಟೀಮ್ ಅನ್ನೋ ಪದದಲ್ಲಿ ಐ ಇಲ್ಲ’ ಅಂದರು. ಇಂಗ್ಲಿಷಿನಲ್ಲಿ ಐ ಅಂದರೆ ಅಕ್ಷರವೂ ಹೌದು, ‘ನಾನು’ ಅಂತಲೂ ಹೌದು. ಜೋರ್ಡನ್ ತಿರುಗಿ ನೋಡಿ, ‘ವಿನ್ ಅನ್ನೋ ಪದದಲ್ಲಿ ಇದೆಯಲ್ಲ’ ಅಂದನಂತೆ. ಸಭೆಯೆಲ್ಲ ನಕ್ಕಿತು. ಉತ್ತರ ಚುರುಕಾಗಿದೆ, ಒಪ್ಪೋಣ. ನನಗೆ ಬೆರಗು ಹುಟ್ಟಿಸುವುದು ಆ ಮೊದಲ ಮಾತು. ಜಗತ್ತಿನ ಅತಿ ದೊಡ್ಡ ಆಟಗಾರ, ಪಂದ್ಯ ಗೆಲ್ಲಿಸಿ ಬರ್ತಿದ್ದಾನೆ, ಇಡೀ ಕ್ರೀಡಾಂಗಣ ಎದ್ದು ನಿಂತಿದೆ. ಎಪ್ಪತ್ತರ ಆಸುಪಾಸಿನ ಒಬ್ಬ ಸಹಾಯಕ ಅವನಿಗೆ ಎದುರು ಮಾತಾಡ್ತಾರೆ! ಮುಖ್ಯ ಕೋಚ್ ಆಗಿದ್ದರೆ ಆ ಮಾತು ಅಷ್ಟು ಸುಲಭ ಇರಲಿಲ್ಲ. ಸ್ಟಾರ್ ಮುನಿಸಿಕೊಂಡರೆ ಮುಖ್ಯ ಕೋಚ್ ಕುರ್ಚಿ ಅಲ್ಲಾಡುತ್ತೆ. ಹೂಸ್ಟನ್‌ನಲ್ಲಿ ಹೇಯ್ಸ್ ಜೊತೆ ಆಗಿದ್ದು ಅದೇ ಅಲ್ವಾ? ಶಿಕಾಗೊದಲ್ಲಿ ವಿಂಟರ್‌ಗೆ ಕಳೆದುಕೊಳ್ಳಲು ಕುರ್ಚಿಯೇ ಇರಲಿಲ್ಲ. ಅಹಂಕಾರಗಳನ್ನು ಸಂಭಾಳಿಸುವುದು, ಮಾಲೀಕರ ಜೊತೆ ಏಗುವುದು, ಪತ್ರಕರ್ತರಿಗೆ ಉತ್ತರ ಕೊಡುವುದು ಜಾಕ್ಸನ್ ಪಾಲು. ಅವರಿಗೆ ಅದರಲ್ಲಿ ಅಸಾಧ್ಯ ಕೌಶಲ ಇತ್ತು, ಕೈಯಲ್ಲಿ ಸ್ವಂತದ ಪದ್ಧತಿ ಇರಲಿಲ್ಲ. ವಿಂಟರ್‌ಗೆ ಪದ್ಧತಿ ಇತ್ತು, ಆ ಕೌಶಲ ಇರಲಿಲ್ಲ. ಇಬ್ಬರೂ ಅರ್ಧರ್ಧ. ಹೂಸ್ಟನ್‌ನಲ್ಲಿ ನಡೆಯದ್ದು ಶಿಕಾಗೊದಲ್ಲಿ ನಡೆದದ್ದು ಹೀಗೆ ಅಂತ ನನ್ನ ಅಭಿಪ್ರಾಯ.

1990–91ರಲ್ಲಿ ಜೋರ್ಡನ್ ಸರಾಸರಿ 31.5ಕ್ಕೆ ಇಳಿಯಿತು. ತಂಡದ ಗೆಲುವು 61ಕ್ಕೆ ಏರಿತು. ಮೂರು ವರ್ಷ ಕಾಡಿದ ಪಿಸ್ಟನ್ಸ್‌ಗೆ ಈ ಸಲ 4–0. ಫೈನಲ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ ಐದನೇ ಪಂದ್ಯ. ಎದುರಾಳಿಗಳೆಲ್ಲ ಜೋರ್ಡನ್ ಮೇಲೆ ಬೀಳ್ತಿದ್ದಾರೆ. ಟೈಮ್‌ಔಟ್‌ನಲ್ಲಿ ಜಾಕ್ಸನ್ ಕೇಳಿದ ಪ್ರಶ್ನೆ ಒಂದೇ: ಯಾರು ಖಾಲಿ ಇದ್ದಾರೆ? ಪ್ಯಾಕ್ಸನ್, ಅಂದ ಜೋರ್ಡನ್. ಹಾಗಾದರೆ ಅವನಿಗೆ ಕೊಡು. ಜಾನ್ ಪ್ಯಾಕ್ಸನ್ ಕೊನೆಯ ನಾಲ್ಕು ನಿಮಿಷದ ಒಳಗೆ 10 ಅಂಕ ಹೊಡೆದ. ಬುಲ್ಸ್‌ಗೆ ಮೊದಲ ಪ್ರಶಸ್ತಿ.

1993ರ ಫೈನಲ್‌ನ ಆರನೇ ಪಂದ್ಯ ಇನ್ನೂ ಚೆಂದ. ಎದುರಾಳಿ ಫೀನಿಕ್ಸ್. ಕೊನೆಯ ಕ್ವಾರ್ಟರ್‌ನಲ್ಲಿ ಆವರೆಗೆ ಬುಲ್ಸ್ ಗಳಿಸಿದ ಒಂಬತ್ತು ಅಂಕಗಳೂ ಜೋರ್ಡನ್‌ವೇ. ಎರಡು ಅಂಕ ಹಿಂದೆ, ಉಳಿದಿರೋದು 14 ಸೆಕೆಂಡ್. ಯಾರು ಶಾಟ್ ಹಾಕ್ತಾರೆ? ಜೋರ್ಡನ್ ಅಂತ ಎಲ್ಲರೂ ಅಂದುಕೊಂಡರು. ಜೋರ್ಡನ್ ಪಿಪ್ಪೆನ್‌ಗೆ ಕೊಟ್ಟ. ಪಿಪ್ಪೆನ್ ನುಗ್ಗಿ ಗ್ರಾಂಟ್‌ಗೆ ಕೊಟ್ಟ. ಗ್ರಾಂಟ್ ಬ್ಯಾಸ್ಕೆಟ್ ಪಕ್ಕದಲ್ಲೇ ಇದ್ದರೂ ಹೊರಗೆ ಪ್ಯಾಕ್ಸನ್‌ಗೆ ಕೊಟ್ಟ. ಮೂರು ಅಂಕದ ಗೆರೆಯ ಹಿಂದೆ ಪ್ಯಾಕ್ಸನ್ ಪೂರಾ ಖಾಲಿ. 3.9 ಸೆಕೆಂಡ್ ಉಳಿದಿದ್ದಾಗ ಚೆಂಡು ಒಳಗೆ. 99–98! ಸತತ ಮೂರನೇ ಪ್ರಶಸ್ತಿ.

ಆಮೇಲೆ 1996, 1997, 1998. ಕೊನೆಯ ಎರಡು ಫೈನಲ್‌ಗಳಲ್ಲಿ ಎದುರಾಳಿ ಯೂಟಾ ಜಾಜ್. ಆ ಕಡೆಯ ಬೆಂಚನ್ನೂ ಸ್ವಲ್ಪ ನೋಡಿ. ಮುಖ್ಯ ಕೋಚ್ ಜೆರ್ರಿ ಸ್ಲೋನ್, ಪಕ್ಕದಲ್ಲಿ ಫಿಲ್ ಜಾನ್ಸನ್. ಈ ಜಾನ್ಸನ್ 1975ರಲ್ಲಿ ಎನ್‌ಬಿಎಯ ವರ್ಷದ ಕೋಚ್ ಪ್ರಶಸ್ತಿ ಪಡೆದವರು. ಅಂಥವರು 1988ರಿಂದ ಸ್ಲೋನ್ ಪಕ್ಕದಲ್ಲಿ ಸಹಾಯಕರಾಗಿ ಕೂತರು. 2011ರ ಫೆಬ್ರವರಿ 10ರಂದು ಸ್ಲೋನ್ ರಾಜೀನಾಮೆ ಕೊಟ್ಟಾಗ ಅದೇ ದಿನ ಜಾನ್ಸನ್ ಕೂಡ ಕೊಟ್ಟು ಎದ್ದರು. ಅದೇ ಬೆಂಚಿನಲ್ಲಿದ್ದ ಇನ್ನೊಬ್ಬ ಸಹಾಯಕ ಕೆನ್ನಿ ನ್ಯಾಟ್. ಈ ಹೆಸರು ನಮಗೆ ಸಂಬಂಧಪಟ್ಟದ್ದು. 2011ರಲ್ಲಿ ಭಾರತದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಬಂದವರು ಇವರೇ. ಅವರ ನಂತರ ಬಂದ ಸ್ಕಾಟ್ ಫ್ಲೆಮಿಂಗ್ ಕೂಡ ಅಲ್ಲಿನ ಕೆಳಹಂತದ ಲೀಗ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು. 2014ರಲ್ಲಿ ವುಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಅವರ ತಂಡ ಚೀನಾವನ್ನು ಚೀನಾದ ನೆಲದಲ್ಲೇ 65–58ರಿಂದ ಸೋಲಿಸಿತು. ಕ್ರಿಕೆಟ್‌ನಲ್ಲಾಗಿದ್ದರೆ ನಾವು ಅದನ್ನು ಮೂರು ದಿನ ತೋರಿಸ್ತಿದ್ದೆವು, ಬಿಡಿ.

1999ರಲ್ಲಿ ಜಾಕ್ಸನ್ ಲೇಕರ್ಸ್‌ಗೆ ಹೋದಾಗ 77 ವರ್ಷದ ವಿಂಟರ್‌ರನ್ನೂ ಕರೆದುಕೊಂಡು ಹೋದರು. ಅಲ್ಲಿ ಶಕೀಲ್ ಓನೀಲ್, 21ರ ಹರೆಯದ ಕೋಬಿ ಬ್ರಯಂಟ್. 2000, 2001, 2002. ಸತತ ಮೂರು ಪ್ರಶಸ್ತಿ. 2018ರಲ್ಲಿ ವಿಂಟರ್ ತೀರಿಕೊಂಡಾಗ ಕೋಬಿ ಬರೆದುಕೊಂಡ: ನಮ್ಮ ಮೊದಲ ಸೀಸನ್‌ನಲ್ಲಿ ಅವರ ಪಕ್ಕದಲ್ಲಿ ಕೂತು ಪ್ರತಿ ಪಂದ್ಯದ ಪ್ರತಿ ನಿಮಿಷವನ್ನೂ ನೋಡಿದೆ ಅಂತ. ಒಂದು ಪಂದ್ಯ 48 ನಿಮಿಷ, ಸೀಸನ್‌ಗೆ 82 ಪಂದ್ಯ. 77ರ ಮುದುಕ, 21ರ ಹುಡುಗ, ಮುಂದೆ ಒಂದು ಟಿವಿ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡಬಾರದು. ಜೋರ್ಡನ್, ಪಿಪ್ಪೆನ್, ಓನೀಲ್, ಕೋಬಿ ಇದ್ದರೆ ಯಾವ ಪದ್ಧತಿಯಾದರೂ ಗೆಲ್ಲುತ್ತೆ ಅನ್ನುವವರಿದ್ದಾರೆ. ಅವರ ಮಾತಿಗೆ ಆಧಾರವೂ ಇದೆ. 2014ರಲ್ಲಿ ಜಾಕ್ಸನ್ ನಿಕ್ಸ್ ತಂಡದ ಅಧ್ಯಕ್ಷರಾದರು. ವಿಂಟರ್ ಕೈಯಲ್ಲಿ ಪಳಗಿದ್ದ ಡೆರೆಕ್ ಫಿಶರ್‌ನನ್ನೇ ಕೋಚ್ ಮಾಡಿ ಟ್ರಯಾಂಗಲ್ ಹೇರಿದರು. ನೆಲ ಕಚ್ಚಿತು. ಇವತ್ತು ಯಾವ ತಂಡವೂ ಅದನ್ನು ಇಡಿಯಾಗಿ ಆಡಲ್ಲ. ಮೂರು ಅಂಕದ ದೂರದ ಶಾಟ್‌ಗಳ ಕಾಲ ಇದು. ಹಾಗಂತ ಪೂರ್ತಿ ಹೋಗಿಲ್ಲ. ಬುಲ್ಸ್‌ನಲ್ಲಿ ವಿಂಟರ್ ಪಾಠ ಕೇಳಿದ್ದ ಸ್ಟೀವ್ ಕೆರ್ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಕೋಚ್ ಆಗಿ ನಾಲ್ಕು ಪ್ರಶಸ್ತಿ ಗೆಲ್ಲಿಸಿದ. ಚೆಂಡು ನಿಲ್ಲದೆ ಕೈಯಿಂದ ಕೈಗೆ ಓಡುವ ಅವರ ಆಟದಲ್ಲಿ ತ್ರಿಕೋನದ ತುಂಡುಗಳು ಕಾಣುತ್ತವೆ. ಇನ್ನು ಸ್ಟಾರ್‌ಗಳಿಂದಲೇ ಗೆಲುವು ಅನ್ನುವವರಿಗೆ ನನ್ನದೊಂದೇ ಪ್ರಶ್ನೆ: ಟ್ರಯಾಂಗಲ್ ಬರುವ ಮುಂಚೆ ಐದು ಸೀಸನ್ ಜೋರ್ಡನ್ ಇದ್ದನಲ್ಲ, ಪ್ರಶಸ್ತಿ ಎಲ್ಲಿ?

ಈಗ ಮರ್ಯಾದೆಯ ವಿಷಯಕ್ಕೆ ಬರೋಣ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅಂದರೆ ಆ ಆಟದ ಅತಿ ದೊಡ್ಡ ಗೌರವ. ಅಲ್ಲಿಗೆ ಹೋದ ವರ್ಷಗಳನ್ನು ನೋಡಿ. ಜಾಕ್ಸನ್ 2007. ಜೋರ್ಡನ್ 2009. ಪಿಪ್ಪೆನ್ 2010. ಶಿಷ್ಯರೆಲ್ಲ ಒಳಗೆ, ಮೇಷ್ಟ್ರು ಹೊರಗೆ. ವಿಂಟರ್ ಹೆಸರು ಹಲವು ಸಲ ಪ್ರಸ್ತಾಪಕ್ಕೆ ಹೋಗಿ ವಾಪಸ್ ಬಂದಿತ್ತು. ಮುಖ್ಯ ಕೋಚ್‌ಗಳನ್ನು ತೂಗುವ ತಕ್ಕಡಿ ಅಲ್ಲಿತ್ತು, ಸಹಾಯಕನನ್ನು ತೂಗುವ ತಕ್ಕಡಿ ಇರಲಿಲ್ಲ. ಜೆರ್ರಿ ಕ್ರೌಸ್‌ಗೆ ಸಿಟ್ಟು ಬಂದು, ಟೆಕ್ಸ್ ಒಳಗೆ ಹೋಗುವವರೆಗೆ ನಾನು ಆ ಸಮಾರಂಭಕ್ಕೆ ಕಾಲಿಡಲ್ಲ ಅಂತ ಹಟ ಹಿಡಿದರು. ಜೋರ್ಡನ್ ಸನ್ಮಾನಕ್ಕೂ ಹೋಗಲಿಲ್ಲ.

2009ರ ಏಪ್ರಿಲ್‌ನಲ್ಲಿ ವಿಂಟರ್ ತಮ್ಮ ಹಳೆಯ ಕಾನ್ಸಾಸ್ ಸ್ಟೇಟ್ ಆಟಗಾರರ ಪುನರ್ಮಿಲನಕ್ಕೆ ಹೋಗಿದ್ದರು. ಅಲ್ಲೇ ಪಾರ್ಶ್ವವಾಯು ಹೊಡೆಯಿತು. ಅರವತ್ತು ವರ್ಷ ಪಾಠ ಹೇಳಿದ ಬಾಯಿಗೆ ಮಾತು ಕಷ್ಟವಾಯಿತು. 2011ರಲ್ಲಿ ಹಾಲ್ ಆಫ್ ಫೇಮ್ ಬಾಗಿಲು ತೆರೆಯಿತು. ಆಗ ಅವರಿಗೆ 89. ಅವರ ಜೊತೆ ಅದೇ ವರ್ಷ ಆಯ್ಕೆಯಾದವರಲ್ಲಿ ಒಬ್ಬ ಡೆನ್ನಿಸ್ ರಾಡ್‌ಮನ್. ಕೂದಲಿಗೆ ದಿನಕ್ಕೊಂದು ಬಣ್ಣ ಹಚ್ಚಿಕೊಂಡು ಬುಲ್ಸ್‌ನಲ್ಲಿ ಆಡಿದ, ವಿಂಟರ್ ಶಿಷ್ಯ!

ಕ್ರೌಸ್ 2017ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಹೆಸರೂ ಹಾಲ್ ಆಫ್ ಫೇಮ್‌ಗೆ ಸೇರಿತು, ನೋಡಲು ಅವರಿರಲಿಲ್ಲ. ಮುಂದಿನ ವರ್ಷ, 2018ರ ಅಕ್ಟೋಬರ್ 10ರಂದು, 96ನೇ ವಯಸ್ಸಿನಲ್ಲಿ ವಿಂಟರ್ ಹೋದರು. ಸುದ್ದಿಯಲ್ಲಿ ಊರ ಹೆಸರು ಮ್ಯಾನ್‌ಹಟನ್ ಅಂತ ಇತ್ತು. ನ್ಯೂಯಾರ್ಕ್‌ನ ಗಗನಚುಂಬಿ ಕಟ್ಟಡಗಳ ಮ್ಯಾನ್‌ಹಟನ್ ಅಲ್ಲ. ಇದು ಕಾನ್ಸಾಸ್ ರಾಜ್ಯದ ಪುಟ್ಟ ಮ್ಯಾನ್‌ಹಟನ್. 1947ರಲ್ಲಿ ಅವರು ಮೊದಲ ಸಲ ಸಹಾಯಕ ಕೋಚ್ ಆಗಿ ಕೆಲಸಕ್ಕೆ ಸೇರಿದ ವಿಶ್ವವಿದ್ಯಾಲಯ ಇರೋದು ಆ ಊರಲ್ಲೇ.